ಕಾಲ ಬುಡದಲ್ಲಿ ಕೋವಿ, ಮೇಜಿನ ಮೇಲೆ ಗ್ಲಾಸು: ಲೈಸನ್ಸ್ ಉಳಿಯುತ್ತದಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕ, ವಯಸ್ಸು 54. ಅಪ್ಪನ ಕಾಲದ ಒಂಟಿ ನಳಿಗೆಯ ತೋಟೆ ಕೋವಿ ಈಗ ನನ್ನ ಹೆಸರಿನಲ್ಲಿದೆ, ಬೆಳೆ ರಕ್ಷಣೆಯ ಲೈಸನ್ಸ್. ಕಾಡುಹಂದಿ ಹೊಡೆಯುವವರ ಪಂಚಾಯತು ಪಟ್ಟಿಯಲ್ಲೂ ಇದ್ದೇನೆ. ಕಳೆದ ತಿಂಗಳು ಒಂದು ರಾತ್ರಿ ಹಂದಿ ಹೊಡೆದು, ಹೂಳುವ ಕೆಲಸವೆಲ್ಲ ಮುಗಿಸಿ, ನಾಲ್ಕು ಜನ ಪೇಟೆಯ ಬಾರಿಗೆ ಹೋದೆವು. ಜೀಪಿನಲ್ಲಿ ಬಿಟ್ಟರೆ ಯಾರಾದರೂ ಕದ್ದಾರೆಂದು ಕೋವಿಯನ್ನು ಕ್ಯಾನ್ವಾಸ್ ಚೀಲದಲ್ಲಿಯೇ ಒಳಗೆ ತಂದು ಕಾಲ ಬುಡದಲ್ಲಿ ಇಟ್ಟುಕೊಂಡೆ. ಖಾಲಿ ಕೋವಿ. ಎರಡು ಪೆಗ್ ಆಗುವಾಗ ಪಕ್ಕದ ಮೇಜಿನವನೊಬ್ಬ ಫೋಟೊ ತೆಗೆದ. ಮ್ಯಾನೇಜರ್ ಬಂದು, "ಇಲ್ಲಿ ಇಡಬಾರದು, ಬೇಕಾದರೆ ಕೌಂಟರಿನಲ್ಲಿ ಕೊಡಿ" ಎಂದ. ನಾವು ಎದ್ದು ಬಂದೆವು. ಈಗ ಆ ಫೋಟೊ ಊರಿನ ಗ್ರೂಪಿನಲ್ಲಿ ತಿರುಗುತ್ತಿದೆ. ಟೆಕ್ಸಾಸಿನಲ್ಲಿರುವ ತಂಗಿಯ ಮಗ "ಬಾರಿನಲ್ಲಿ ಗನ್ ಇದ್ದರೆ ದೊಡ್ಡ ಕೇಸು" ಎನ್ನುತ್ತಾನೆ. ಮಡಿಕೇರಿಯ ಸ್ನೇಹಿತರು "ನಮಗೆ ಲೈಸನ್ಸೇ ಬೇಡ, ನಿನಗೆಂಥ ಹೆದರಿಕೆ" ಎಂದು ನಗುತ್ತಾರೆ. ಇನ್ನು ನಾಲ್ಕು ತಿಂಗಳಲ್ಲಿ ಲೈಸನ್ಸ್ ನವೀಕರಣ ಇದೆ. ನಾನು ಮಾಡಿದ್ದು ಅಪರಾಧವಾ? ಕೋವಿ ಹೋಗುತ್ತದಾ? ಲೈಸನ್ಸಿನ ಪ್ರತಿ ಮತ್ತು ಆ ಫೋಟೊ ಕಳಿಸಿದ್ದೇನೆ.

ಉತ್ತರ: ಪತ್ರವನ್ನು ಎರಡು ಸಲ ಓದಿದೆ. ಜೈಲಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಡುತ್ತಿರುವುದು ನವೀಕರಣದ ಸಮಯದಲ್ಲಿ ಠಾಣೆಯಿಂದ ಹೋಗುವ ವರದಿ. ಅಪ್ಪನ ಕೋವಿ ತನ್ನ ಕಾಲದಲ್ಲಿ ಕೈಬಿಟ್ಟು ಹೋಯಿತು ಎಂದಾಗಬಾರದು ಎಂಬ ಸಂಕಟವೂ ಅದರೊಳಗೆ ಇದೆ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ನಿಮಗೆ ಹೆದರಿಸಿದವರೂ ಧೈರ್ಯ ಹೇಳಿದವರೂ ತಪ್ಪು ಕಾರಣ ಕೊಟ್ಟಿದ್ದಾರೆ.

ಮೊದಲು ಟೆಕ್ಸಾಸನ್ನು ಮುಗಿಸಿಬಿಡೋಣ. ನಿಮ್ಮ ಸೋದರಳಿಯ ಹೇಳುವುದು ಅವನ ಊರಿಗೆ ಸರಿ. ಅಲ್ಲಿ ಒಂದು ಅಂಗಡಿಯ ಆದಾಯದಲ್ಲಿ ನೂರಕ್ಕೆ 51 ಅಥವಾ ಹೆಚ್ಚು ಪಾಲು ಅಲ್ಲೇ ಕೂತು ಕುಡಿಯುವ ಮದ್ಯದ ಮಾರಾಟದಿಂದ ಬರುತ್ತಿದ್ದರೆ ಒಳಗೆ ಕೈಬಂದೂಕು ತರುವಂತಿಲ್ಲ. ಬಾಗಿಲಲ್ಲಿ ಕೆಂಪು ಅಕ್ಷರದಲ್ಲಿ "51%" ಎಂಬ ಬೋರ್ಡು ಇರುತ್ತದೆ. ವರ್ಜೀನಿಯಾದಲ್ಲಿ 2010ರಿಂದ ಬೇರೆ ಲೆಕ್ಕ: ಪರವಾನಗಿ ಇದ್ದವನು ಮದ್ಯ ಕೊಡುವ ಹೋಟೆಲಿಗೆ ಬಟ್ಟೆಯೊಳಗೆ ಬಂದೂಕು ಇಟ್ಟುಕೊಂಡು ಹೋಗಬಹುದು, ಆದರೆ ಕುಡಿಯುವಂತಿಲ್ಲ. ಒಹಾಯೊ 2011ರಲ್ಲಿ ಅದೇ ದಾರಿ ಹಿಡಿಯಿತು. ಅವರ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ಆಯುಧ ಇಟ್ಟುಕೊಳ್ಳುವುದು ಹಕ್ಕು. ಹಾಗಾಗಿ ಎಲ್ಲಿ ತರಬಾರದು ಎಂಬುದನ್ನು ಒಂದೊಂದಾಗಿ ಬರೆಯಬೇಕಾದ ಕಷ್ಟ ಅವರಿಗೆ. ನಮ್ಮಲ್ಲಿ ತಲೆಕೆಳಗು. 1959ರ ಆಯುಧ ಕಾಯ್ದೆಯ 3ನೇ ಕಲಂ ಶುರುವಾಗುವುದೇ "ಇಟ್ಟುಕೊಳ್ಳುವಂತಿಲ್ಲ" ಎಂದು. ಲೈಸನ್ಸ್ ಎಂಬುದು ಆ ನಿಷೇಧದಲ್ಲಿ ನಿಮಗಾಗಿ ಕೊರೆದುಕೊಟ್ಟ ಒಂದು ಕಿಂಡಿ. ಕಿಂಡಿಯ ಅಳತೆ ಎಷ್ಟೋ ನಿಮ್ಮ ಸ್ವಾತಂತ್ರ್ಯವೂ ಅಷ್ಟೇ.

ಮಡಿಕೇರಿಯವರ ಮಾತೂ ಅವರ ಮಟ್ಟಿಗೆ ನಿಜ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ 41ನೇ ಕಲಂ ಪ್ರಕಾರ ಕೇಂದ್ರ ಸರಕಾರ ವಿನಾಯಿತಿ ಕೊಟ್ಟಿದೆ. ಅದನ್ನು 2029ರವರೆಗೆ ಮುಂದುವರಿಸಿದ್ದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ನಮ್ಮ ಪಾಣತ್ತೂರಿನಿಂದ ಕೊಡಗಿನ ಕರಿಕೆ ಕೂಗಳತೆಯಲ್ಲಿದೆ ಎಂದು ಆ ವಿನಾಯಿತಿ ಗಡಿ ದಾಟಿ ನಮ್ಮ ಮೇಲೆ ಬೀಳುವುದಿಲ್ಲ. ಕುಡಿದು ಕೋವಿ ಬೀಸುವುದಕ್ಕೆ ಅವರಿಗೂ ವಿನಾಯಿತಿ ಇಲ್ಲ.

ಈಗ ನಿಮ್ಮ ಲೈಸನ್ಸಿಗೆ ಬರೋಣ. ಪ್ರತಿ ಕಳಿಸಿದ್ದು ಒಳ್ಳೆಯದಾಯಿತು. ನಮ್ಮ ಜಿಲ್ಲೆಯ ಕನ್ನಡಿಗರ ಒಂದು ದೊಡ್ಡ ತೊಂದರೆ ಈ ಕಾಗದದಲ್ಲೇ ಇದೆ: ಷರತ್ತುಗಳು ಇಂಗ್ಲಿಷಿನಲ್ಲಿ, ಕಚೇರಿಯ ಸೀಲು ಟಿಪ್ಪಣಿ ಮಲಯಾಳದಲ್ಲಿ, ಕೋವಿ ಹಿಡಿದವನ ಓದು ಕನ್ನಡದಲ್ಲಿ. ಲೈಸನ್ಸ್ ಇದೆ ಎಂದು ಗೊತ್ತು, ಏನು ಬರೆದಿದೆ ಎಂದು ಗೊತ್ತಿಲ್ಲ. ನನ್ನ ಕಕ್ಷಿಗಾರರಲ್ಲಿ ಹಿಂಬದಿಯನ್ನು ಓದಿ ಬಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಅಲ್ಲಿರುವುದನ್ನು ಕನ್ನಡದಲ್ಲಿ ಹೇಳುತ್ತೇನೆ. ಕೋವಿಯನ್ನು ಯಾವ ಉದ್ದೇಶಕ್ಕೆ ಕೊಟ್ಟಿದೆಯೋ ಅದಕ್ಕಾಗಿ, ಪ್ರಾಮಾಣಿಕವಾಗಿ ಮಾತ್ರ ಒಯ್ಯಬೇಕು. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ. ಅಂದರೆ ಕುಂಬಳೆ ಬೆಡಿ (ಜಾತ್ರೆಯ ಸಿಡಿಮದ್ದು) ನೋಡಲು ಹೋಗುವಾಗ ನಿಮ್ಮ ಬೆಡಿ (ಕೋವಿ) ಮನೆಯಲ್ಲೇ ಇರಬೇಕು. ಬಾರ್ ಎಂಬ ಶಬ್ದ ಈ ಪಟ್ಟಿಯಲ್ಲಿ ಇಲ್ಲ, ಕಳ್ಳಿನ ಅಂಗಡಿಯೂ ಇಲ್ಲ. "ನೋಡಿ, ಹೆಸರೇ ಇಲ್ಲ" ಎಂದು ನೀವು ಮೇಜು ಕುಟ್ಟಬಹುದು. ಕೆಲವರು ನನ್ನೆದುರು ಕುಟ್ಟಿದ್ದಾರೆ ಕೂಡ. ಆದರೆ ಮೊದಲಿನ ಸಾಲು ನೋಡಿ: ಉದ್ದೇಶ. ನಿಮ್ಮ ಉದ್ದೇಶ ಬೆಳೆ ರಕ್ಷಣೆ. ಬಾರಿನ ಮೇಜಿನ ಅಡಿಯಲ್ಲಿ ಯಾವ ಬೆಳೆ ಮಾರಾಯ್ರೇ?

ಜೊತೆಗೆ 2016ರ ಆಯುಧ ನಿಯಮಗಳಿವೆ. ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಾಗ ಪಿಸ್ತೂಲಾದರೆ ಹೋಲ್‌ಸ್ಟರಿನಲ್ಲಿ, ಉದ್ದ ಕೋವಿಯಾದರೆ ಚೀಲದಲ್ಲಿ ಇರಬೇಕು. ತೆಗೆದು ತೋರಿಸುವುದು, ಬೀಸುವುದು, ಹಾರಿಸುವುದು ಕೂಡದು. ನೀವು ಚೀಲದಿಂದ ಹೊರಗೆ ತೆಗೆದಿಲ್ಲ. ಇದು ನಿಮ್ಮ ಪರವಾಗಿರುವ ಗಟ್ಟಿ ಅಂಶ, ಅದೃಷ್ಟಕ್ಕೆ ಫೋಟೊದಲ್ಲೂ ಹಾಗೆಯೇ ಕಾಣುತ್ತದೆ. ಲೈಸನ್ಸಿನ ಷರತ್ತು ಮುರಿದರೆ 30ನೇ ಕಲಂ: ಹೆಚ್ಚೆಂದರೆ ಆರು ತಿಂಗಳು ಸಜೆ ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ. ನಿಮ್ಮ ಮೇಲೆ ಕೇಸು ಬಂದರೆ ಇದೇ ಬರಬಹುದು. ನನ್ನ ಅನುಭವದಲ್ಲಿ ಗಲಾಟೆ ಇಲ್ಲದೆ, ದೂರು ಇಲ್ಲದೆ, ಚೀಲ ಬಿಚ್ಚದೆ ಮುಗಿದ ಸಂಗತಿಗೆ ಠಾಣೆಯವರು ಕರೆದು ಬೈದು ಕಳಿಸುವುದೇ ಹೆಚ್ಚು.

ಕುಡಿದದ್ದರ ಲೆಕ್ಕ ಬೇರೆ. ಗಾಡಿ ಓಡಿಸುವವನಿಗೆ ಕಾನೂನು ಒಂದು ಅಂಕಿ ಕೊಟ್ಟಿದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಕೋವಿ ಹಿಡಿದವನಿಗೆ ಆಯುಧ ಕಾಯ್ದೆಯಲ್ಲಿ ಅಂಥ ಅಂಕಿ ಇಲ್ಲ. ಇದನ್ನು ಸಡಿಲಿಕೆ ಎಂದುಕೊಂಡವರು ಪೆಟ್ಟು ತಿಂದಿದ್ದಾರೆ. ಅಂಕಿ ಇಲ್ಲದಿದ್ದರೆ ತೀರ್ಮಾನ ಅಧಿಕಾರಿಯ ವಿವೇಚನೆಗೆ ಹೋಗುತ್ತದೆ. "ನಾನು ಮಿತಿಯೊಳಗಿದ್ದೆ" ಎಂದು ವಾದಿಸಲು ನಿಮ್ಮ ಕೈಯಲ್ಲಿ ಮಿತಿಯೇ ಇರುವುದಿಲ್ಲ. ಲೈಸನ್ಸಿಗೆ ಅರ್ಜಿ ಹಾಕುವಾಗ ವೈದ್ಯರ ಸರ್ಟಿಫಿಕೇಟು ಕೊಟ್ಟಿದ್ದೀರಲ್ಲ, ಅದರಲ್ಲಿ ಅರ್ಜಿದಾರ ಮದ್ಯಕ್ಕಾಗಲಿ ಮಾದಕ ವಸ್ತುವಿಗಾಗಲಿ ಅಂಟಿಕೊಂಡವನಲ್ಲ ಎಂದು ವಿಶೇಷವಾಗಿ ಬರೆಯಬೇಕೆಂದು ನಿಯಮ. ಕೋವಿ ಮತ್ತು ಗ್ಲಾಸು ಒಂದೇ ಚೌಕಟ್ಟಿನಲ್ಲಿರುವ ಫೋಟೊ ಆ ಸರ್ಟಿಫಿಕೇಟಿನ ಪಕ್ಕದಲ್ಲಿ ಫೈಲಿಗೆ ಸೇರಿದರೆ ಹೇಗೆ ಕಾಣುತ್ತದೆ, ಯೋಚಿಸಿ.

ಕೇರಳ ಪೊಲೀಸ್ ಕಾಯ್ದೆಯ 118(ಎ) ಎಂಬುದೊಂದಿದೆ. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಮೈಮರೆತಿದ್ದರೆ, ರಂಪ ಮಾಡಿದರೆ ಮೂರು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ. ಇದನ್ನು ಬಾಯಿಯ ವಾಸನೆಯ ಮೇಲೆಯೇ ಹಾಕುವ ಅಭ್ಯಾಸ ಇತ್ತು. 2021ರ ನವೆಂಬರಿನಲ್ಲಿ ಕೇರಳ ಹೈಕೋರ್ಟು, ಬರೀ ವಾಸನೆ ಬಂದರೆ ಅಮಲೇರಿದ್ದಾನೆ ಎಂದಾಗುವುದಿಲ್ಲ ಎಂದು ಹೇಳಿ ಒಬ್ಬ ಗ್ರಾಮ ಕಚೇರಿ ಸಿಬ್ಬಂದಿಯ ಮೇಲಿನ ಕೇಸನ್ನು ರದ್ದು ಮಾಡಿತು. ಅದು ನಮ್ಮ ಕಾಸರಗೋಡು ಜಿಲ್ಲೆಯದೇ ಕೇಸು. ನೀವು ಎದ್ದು ನೆಟ್ಟಗೆ ನಡೆದು ಹೋಗಿದ್ದರೆ ಈ ಕಲಮಿನ ಚಿಂತೆ ಬಿಡಿ.

ನಿಮ್ಮ ಪತ್ರದಲ್ಲಿ ನನ್ನ ಎದೆ ಧಸಕ್ಕೆಂದದ್ದು ಬೇರೆ ಕಡೆ. ಮ್ಯಾನೇಜರ್ "ಕೌಂಟರಿನಲ್ಲಿ ಕೊಡಿ" ಎಂದನಲ್ಲ, ಅಲ್ಲಿ. ಅವನು ಮರ್ಯಾದೆಗೇ ಹೇಳಿದ್ದು. ಕೊಡೆ, ಹೆಲ್ಮೆಟ್ ಕೊಟ್ಟ ಹಾಗೆ ಕೊಟ್ಟುಬಿಟ್ಟಿದ್ದರೆ ಆ ರಾತ್ರಿಯ ಅತಿ ದೊಡ್ಡ ತಪ್ಪು ಅದೇ ಆಗುತ್ತಿತ್ತು. ಲೈಸನ್ಸ್ ಇಲ್ಲದವನ ಕೈಗೆ ಕೋವಿ ಕೊಟ್ಟವನಿಗೆ ಆಯುಧ ಕಾಯ್ದೆಯ 29ನೇ ಕಲಂ, ಮೂರು ವರ್ಷದವರೆಗೆ ಸಜೆ. ತೆಗೆದುಕೊಂಡು ಕೌಂಟರಿನ ಕೆಳಗೆ ಇಟ್ಟ ಆ ಪಾಪದ ಕ್ಯಾಶಿಯರಿಗೆ 25(1ಬಿ)(ಎ): 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು. ಕಾನೂನು ಒಪ್ಪುವ ಕೈಬದಲು ತೀರಾ ಕಿರಿದು. ರಿಪೇರಿಗೋ ಲೈಸನ್ಸ್ ನವೀಕರಣಕ್ಕೋ ನಿಮ್ಮ ಬಳಕೆಗೋ, ನಿಮ್ಮ ಎದುರಿನಲ್ಲಿ ಅಥವಾ ನಿಮ್ಮ ಲಿಖಿತ ಒಪ್ಪಿಗೆಯಿಂದ ಇನ್ನೊಬ್ಬರು ಒಯ್ಯಬಹುದು, ಅಷ್ಟೇ. "ನಾನು ಒಂದು ಪೆಗ್ ಹಾಕಿ ಬರುತ್ತೇನೆ, ಹಿಡಿದಿರು" ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಕುಡಿಯದ ಸ್ನೇಹಿತನ ಕೈಯಲ್ಲಿ ಕೊಟ್ಟು ಜೀಪಿನಲ್ಲಿ ಕೂರಿಸುವುದಕ್ಕೂ ಇದೇ ಮಾತು.

ಹಾಗಾದರೆ ಜೀಪಿನಲ್ಲೇ ಬೀಗ ಹಾಕಿ ಬಿಡುವುದು? ನಮ್ಮ ಕಡೆಯ ಜೀಪಿಗೆ ಟಾರ್ಪಾಲಿನ ಬದಿ, ಬೀಗ ಎಲ್ಲಿ ಹಾಕುತ್ತೀರಿ. ಗಟ್ಟಿ ಬಾಗಿಲಿನ ಕಾರಾದರೂ, ಕಳವಾದರೆ ಭದ್ರವಾಗಿ ಇಡುತ್ತೇನೆಂದು ನೀವು ಬರೆದುಕೊಟ್ಟ ಮುಚ್ಚಳಿಕೆ ನಿಮ್ಮ ಕೊರಳಿಗೇ ಬರುತ್ತದೆ. ಕಳುವಾದ ಕೋವಿಯ ದೂರು ಕೊಡಲು ಹೋದವನು "ಎಲ್ಲಿಂದ ಹೋಯಿತು" ಎಂಬ ಪ್ರಶ್ನೆಗೆ "ಬಾರಿನ ಅಂಗಳದಿಂದ" ಎಂದು ಹೇಳಬೇಕಾಗುತ್ತದೆ. ಒಳಗೆ ತಂದದ್ದು ತಪ್ಪು, ಜೀಪಿನಲ್ಲಿ ಬಿಟ್ಟರೂ ತಪ್ಪು, ಕೌಂಟರಿನಲ್ಲಿ ಕೊಟ್ಟರೆ ಮಹಾ ತಪ್ಪು. ಉಳಿಯುವುದು ಒಂದೇ: ಮೊದಲು ಮನೆ, ಕೋವಿ ಬೀಗದೊಳಗೆ, ಆಮೇಲೆ ಪೇಟೆ. ಅರ್ಧ ಗಂಟೆ ತಡವಾಗುತ್ತದೆ, ಸ್ನೇಹಿತರು ಗೊಣಗುತ್ತಾರೆ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ಮುಳ್ಳೇರಿಯದವರು ಜಾಲ್ಸೂರು ದಾರಿ ಹಿಡಿದು ಸುಳ್ಯಕ್ಕೆ ಹೋಗದ ವಾರ ಇಲ್ಲ. ನಿಮ್ಮ ಲೈಸನ್ಸಿನಲ್ಲಿ "ವ್ಯಾಪ್ತಿ" ಎಂಬಲ್ಲಿ ಕಾಸರಗೋಡು ಜಿಲ್ಲೆ ಎಂದಷ್ಟೇ ಇದೆ. ಗಡಿಯ ಆಚೆಗೆ ಆ ಕಾಗದಕ್ಕೆ ಬೆಲೆ ಇಲ್ಲ. ಹಲವು ವರ್ಷದ ಹಿಂದೆ ಪೆರ್ಲದ ಆಚೆಯ ಒಬ್ಬರ ಕೇಸು ನಡೆಸಿದ್ದೆ. ಜೋಡು ನಳಿಗೆಯ ಕೋವಿಯ ಮರದ ಹಿಡಿ ಸೀಳಿತ್ತು, ಸರಿ ಮಾಡಿಸಲು ಪುತ್ತೂರಿನ ಕಡೆ ಒಯ್ದಿದ್ದರು. ವ್ಯಾಪ್ತಿ ಇಲ್ಲಿನದು ಮಾತ್ರ. ಬರುವಾಗ ಮಧ್ಯಾಹ್ನ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಊಟ, ಒಂದು ಬಿಯರ್. ಗಡಿಯಲ್ಲಿ ತಪಾಸಣೆ. ಕೋವಿ ಕರ್ನಾಟಕಕ್ಕೆ ಹೋಗಿಯೇ ಇಲ್ಲ ಎಂದು ಅವರು ಹೇಳಿಬಿಟ್ಟರು. ಅಂಗಿಯ ಜೇಬಿನಲ್ಲಿ ಬಾರಿನ ಬಿಲ್ಲು ಇತ್ತು: ಊರು, ತಾರೀಕು, ಗಂಟೆ ನಿಮಿಷ, ಮೀನು ಫ್ರೈ ಒಂದು, ಬಿಯರ್ ಒಂದು. ಪೊಲೀಸರು 25ನೇ ಕಲಂ ಹಾಕಿದರು, ನಾನು 30 ಎಂದು ವಾದಿಸಿದೆ. ವಾದ ಮುಗಿಯುವಾಗ ಅವರ ಅಡಿಕೆ ತೋಟದಲ್ಲಿ ಹೊಸ ಸಸಿ ಫಲ ಕೊಡಲು ಶುರುವಾಗಿತ್ತು. ಅವರು ಕೊನೆಯವರೆಗೂ ನೊಂದುಕೊಂಡದ್ದು ಬಿಯರಿಗೆ, ಸಿಕ್ಕಿಬಿದ್ದದ್ದು ಮಾತ್ರ ಗಡಿಗೆ. ಆಚೆಗೆ ಒಯ್ಯಲೇಬೇಕಾದರೆ ಮೊದಲೇ ಅನುಮತಿ ಕೇಳಿ.

ಇಷ್ಟೆಲ್ಲ ಬಿಗಿ ಯಾಕೆ ಎಂದು ಕೇಳಬಹುದು. 1999ರ ಏಪ್ರಿಲ್ 29ರ ರಾತ್ರಿ ದೆಹಲಿಯ ಮೆಹರೌಲಿಯ ಒಂದು ರೆಸ್ಟೋರೆಂಟಿನಲ್ಲಿ, ಬಾರ್ ಮುಚ್ಚಿದೆ, ಇನ್ನು ಮದ್ಯ ಇಲ್ಲ ಎಂದದ್ದಕ್ಕೆ ಜೆಸ್ಸಿಕಾ ಲಾಲ್ ಎಂಬ ಹೆಣ್ಣುಮಗಳ ತಲೆಗೆ ಗುಂಡು ಬಿತ್ತು. ಮೊದಲ ಗುಂಡು ಸೂರಿಗೆ, ಎರಡನೆಯದು ಅವಳಿಗೆ. ಹಾರಿಸಿದ ಮನು ಶರ್ಮನಿಗೆ .22 ಪಿಸ್ತೂಲಿನ ಲೈಸನ್ಸ್ ಇತ್ತು. ಕೆಳ ಕೋರ್ಟು ಬಿಟ್ಟದ್ದು, 2006ರ ಡಿಸೆಂಬರಿನಲ್ಲಿ ಹೈಕೋರ್ಟು ಜೀವಾವಧಿ ವಿಧಿಸಿದ್ದು, 2010ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಎಲ್ಲರಿಗೂ ಗೊತ್ತಿರುವ ಕತೆ. ಕೋವಿ ಮತ್ತು ಬಾರ್ ಎಂಬ ಎರಡು ಶಬ್ದ ಒಟ್ಟಿಗೆ ಬಂದ ಫೈಲನ್ನು ತೆರೆಯುವ ಯಾವ ಅಧಿಕಾರಿಗೂ ಅದು ನೆನಪಾಗದೆ ಇರುವುದಿಲ್ಲ. ನೀವು ಅಂಥವರಲ್ಲ ಎಂದು ನನಗೆ ಗೊತ್ತು, ಫೈಲಿಗೆ ಗೊತ್ತಿಲ್ಲ. ಕುಡಿದಿದ್ದೆ, ತಿಳಿಯಲಿಲ್ಲ ಎಂಬ ಸಮಜಾಯಿಷಿಯನ್ನೂ ಕಾನೂನು ಕೇಳುವುದಿಲ್ಲ. ತಾನಾಗಿ ಕುಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ರಕ್ಷಣೆ ಇಲ್ಲ. ಮದುವೆ ಸಮಾರಂಭಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಪ್ರತ್ಯೇಕ ಅಪರಾಧವನ್ನಾಗಿಯೇ ಮಾಡಿತು: ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಸುಮ್ಮನೆ ಇರುವುದು ಮೊದಲನೆಯದು. ಯಾರೂ ದೂರು ಕೊಟ್ಟಿಲ್ಲ, ನೋಟೀಸು ಬಂದಿಲ್ಲ. ತಾನಾಗಿ ಹೋಗಿ ತಪ್ಪೊಪ್ಪಿಗೆ ಬರೆದುಕೊಡುವುದನ್ನು ನಾನು ಯಾವ ಕಕ್ಷಿಗಾರನಿಗೂ ಹೇಳುವುದಿಲ್ಲ, ನಿಮಗೂ ಹೇಳುವುದಿಲ್ಲ. ಇದರ ಅಪಾಯ ಏನೆಂದರೆ ಫೋಟೊ ಈಗಾಗಲೇ ಠಾಣೆಯ ಯಾರದೋ ಫೋನಿನಲ್ಲಿ ಇರಬಹುದು, ನವೀಕರಣದ ವರದಿಯಲ್ಲಿ ಒಂದು ಸಾಲಾಗಿ ಬರಬಹುದು.

ಎರಡನೆಯದು, ಪರಿಚಯದ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣಾಧಿಕಾರಿಯನ್ನು ಕಂಡು ಬಾಯಿಮಾತಿನಲ್ಲಿ ನಡೆದದ್ದನ್ನು ಹೇಳುವುದು. ಪಂಚಾಯತು ಕರೆಗೆ ಹಂದಿ ಹೊಡೆಯಲು ಹೋದ ರಾತ್ರಿ ಅದು, ಅದಕ್ಕೆ ದಾಖಲೆ ಇದೆ. 2022ರ ಮೇ ತಿಂಗಳಲ್ಲಿ ಸರಕಾರ ಪಂಚಾಯತು ಅಧ್ಯಕ್ಷರಿಗೆ ಈ ಅಧಿಕಾರ ಕೊಟ್ಟ ಮೇಲೆ ಪಟ್ಟಿಯಲ್ಲಿರುವ ಕೋವಿದಾರರು ಅವರಿಗೂ ಬೇಕಾದವರೇ. ಅಧಿಕಾರಿ ಒಳ್ಳೆಯವರಾದರೆ ಅಲ್ಲಿಗೇ ಮುಗಿಯುತ್ತದೆ, ಬಿಗಿಯವರಾದರೆ ಮುಚ್ಚಿದ್ದನ್ನು ನೀವೇ ತೆರೆದ ಹಾಗಾಗುತ್ತದೆ. ಫೋಟೊ ಊರಿನ ಗ್ರೂಪು ದಾಟಿ ಹೋಗಿದ್ದರೆ ಮಾತ್ರ ಈ ದಾರಿ, ಇಲ್ಲದಿದ್ದರೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹೆದರಿ ಲೈಸನ್ಸನ್ನೇ ಬಿಟ್ಟುಕೊಡುವುದೂ ಒಂದು ದಾರಿ ಎಂದು ನಿಮ್ಮ ಮನೆಯವರು ಹೇಳಿರಬಹುದು. ಆಯುಧ ಕಾಯ್ದೆಯ 17ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ. ಬೇಡ. ಒಮ್ಮೆ ಬಿಟ್ಟ ಲೈಸನ್ಸನ್ನು ಮತ್ತೆ ಪಡೆಯುವುದು ಎಷ್ಟು ವರ್ಷದ ಓಡಾಟ ಎಂದು ವಿದ್ಯಾನಗರದ ಕಲೆಕ್ಟರೇಟಿನ ಮೆಟ್ಟಿಲು ಹತ್ತಿದವರನ್ನು ಕೇಳಿ.

ಲೈಸನ್ಸ್ ಅಮಾನತು ಅಥವಾ ರದ್ದು ಮಾಡುವ ಅಧಿಕಾರವೂ ಅದೇ 17ನೇ ಕಲಮಿನಲ್ಲಿದೆ. ಷರತ್ತು ಮುರಿದದ್ದೂ ಒಂದು ಕಾರಣ, ಸಾರ್ವಜನಿಕ ಸುರಕ್ಷತೆಯೂ ಒಂದು ಕಾರಣ. ಆದರೆ ಕಾರಣವನ್ನು ಬರೆದೇ ಆದೇಶ ಮಾಡಬೇಕು. ಬರೀ ಒಂದು ಕೇಸು ಬಾಕಿ ಇದೆ ಎಂದು ರದ್ದು ಮಾಡಿದ ಆದೇಶಗಳನ್ನು ಹೈಕೋರ್ಟುಗಳು ಹಲವು ಬಾರಿ ತಳ್ಳಿಹಾಕಿವೆ. 18ನೇ ಕಲಮಿನಲ್ಲಿ ಮೇಲ್ಮನವಿ ಇದೆ, ಗಡುವು 30 ದಿನ. ಆದೇಶದ ಲಕೋಟೆಯನ್ನು ದೇವರ ಕೋಣೆಯಲ್ಲಿಟ್ಟು ಎರಡು ತಿಂಗಳ ಮೇಲೆ ನನ್ನ ಹತ್ತಿರ ತರಬೇಡಿ.

ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಹಾಕಿ. ವೈದ್ಯರ ಹತ್ತಿರ ಸುಳ್ಳು ಹೇಳಬೇಡಿ. ವಾರಕ್ಕೊಮ್ಮೆ ಎರಡು ಪೆಗ್ ಹಾಕುವುದು ಬೇರೆ, ಚಟ ಬೇರೆ, ಅವರಿಗೆ ವ್ಯತ್ಯಾಸ ಗೊತ್ತು. ಆ ಫೋಟೊವನ್ನು ನೀವಾಗಿ ಯಾರಿಗೂ ಫಾರ್ವರ್ಡ್ ಮಾಡಬೇಡಿ, ನಗುವ ಮುಖ ಹಾಕಿ ಉತ್ತರವನ್ನೂ ಬರೆಯಬೇಡಿ.

ಅಂದಹಾಗೆ, ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕೋವಿ ಖಾಲಿ ಎಂದು ಬರೆದಿದ್ದೀರಿ, ಒಪ್ಪುತ್ತೇನೆ. ಆದರೆ ನಿಮ್ಮ ಅಂಗಿಯ ಎಡ ಜೇಬಿನಿಂದ ಎರಡು ತೋಟೆಗಳ ಹಿತ್ತಾಳೆಯ ತಲೆ ಹೊರಗೆ ಇಣುಕುತ್ತಿದೆ, ಬಾರಿನ ಬೆಳಕಿಗೆ ಚೆನ್ನಾಗಿಯೇ ಹೊಳೆದಿದೆ. ಕಾಯ್ದೆಯಲ್ಲಿ ಕೋವಿಗೆ ಹೇಳಿದ್ದೆಲ್ಲ ತೋಟೆಗೂ ಹೇಳಿದೆ. ಆ ಅಂಗಿ ಒಗೆದು ಬಂದಿದ್ದರೆ ಹಾಕಿಕೊಳ್ಳುವ ಮೊದಲು ಜೇಬು ಒಮ್ಮೆ ನೋಡಿ.